ಬಲೆ ಬಿಟ್ಟು ಬರೆದ ಸಬ್‌ಮರೀನ್

ಕಾಲ್ಪನಿಕ ಸಬ್‌ಮರೀನ್‌ಗಳ ವಂಶಾವಳಿ ಬರೆಯಹೊರಟರೆ ಮೊದಲ ಪುಟದಲ್ಲೇ ಮೈಸೂರಿನ ಹೆಸರು ಬರುತ್ತದೆ. ಫ್ರೆಂಚ್ ಲೇಖಕ ಜೂಲ್ಸ್ ವರ್ನ್ 1870ರ ಹೊತ್ತಿಗೆ ಸೃಷ್ಟಿಸಿದ ‘ನಾಟಿಲಸ್’ ನೌಕೆಯ ಒಡೆಯ ಕ್ಯಾಪ್ಟನ್ ನೆಮೊ ಯಾವ ದೇಶದವನೆಂಬುದು ಮೊದಲ ಕಾದಂಬರಿಯಲ್ಲಿ ಗುಟ್ಟಾಗಿಯೇ ಉಳಿಯುತ್ತದೆ. ಕೆಲವು ವರ್ಷಗಳ ನಂತರ, 1874–75ರಲ್ಲಿ ಬಂದ ‘ನಿಗೂಢ ದ್ವೀಪ’ದಲ್ಲಿ ಗುಟ್ಟು ಒಡೆಯಿತು. ಆತ ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಸೋದರಳಿಯ. 1799ರಲ್ಲಿ ಮಡಿದ ಟಿಪ್ಪುವಿಗೆ 1857ರ ದಂಗೆಯಲ್ಲಿ ಕತ್ತಿ ಹಿಡಿಯುವ ಪ್ರಾಯದ ಸೋದರಳಿಯ ಎಲ್ಲಿಂದ ಬಂದ ಎಂದು ಕೇಳಬಾರದು. ವರ್ನ್‌ಗೆ ಬೇಕಿದ್ದದ್ದು ಬ್ರಿಟಿಷರ ಮೇಲೆ ಹಗೆ ಸಾಧಿಸಲು ಕಾರಣವಿರುವ ಒಬ್ಬ ಮನುಷ್ಯ. ಅಂಥ ಕಾರಣಕ್ಕೆ ಯುರೋಪಿನಲ್ಲಿ ಆಗಿನ್ನೂ ಟಿಪ್ಪುವಿನ ಹೆಸರು ಸಾಕಾಗುತ್ತಿತ್ತು.

ನಮ್ಮ ಕಡಲಿಗೂ ಆ ನೌಕೆ ಬಂದಿತ್ತು, ಕಾದಂಬರಿಯೊಳಗೆ. ಸಿಂಹಳದಿಂದ ಅರಬ್ಬೀ ಸಮುದ್ರದತ್ತ ಸಾಗುವಾಗ ಅದು ಲಕ್ಷದ್ವೀಪದ ಕಿಲ್ತಾನ್ ದ್ವೀಪದ ಮಗ್ಗುಲಲ್ಲೇ ಹಾದುಹೋಗುತ್ತದೆ. ಕಿಲ್ತಾನ್ ಸೇರಿದ ಅಮೀನ್‌ದಿವಿ ದ್ವೀಪಗಳು ಟಿಪ್ಪುವಿನ ಕೈಯಿಂದ ಬ್ರಿಟಿಷರಿಗೆ ದಾಟಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕುಂದಾಪುರವಿದ್ದ ಜಿಲ್ಲೆಯೂ ಅದೇ. ಪ್ಯಾರಿಸ್ಸಿನ ಲೇಖಕನಿಗೆ ಇದೆಲ್ಲ ತಿಳಿದಿರಲಾರದು. ಆದರೆ ಲೋಕಪ್ರಸಿದ್ಧ ಕಾಲ್ಪನಿಕ ಸಬ್‌ಮರೀನ್ ಕುಂದಾಪುರದ ಮಗ್ಗುಲಿನ ಗಂಗೊಳ್ಳಿಯ ಅಳಿವೆಯಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿ, ಟಿಪ್ಪು ಆಳಿದ ದ್ವೀಪದ ಬದಿಯಲ್ಲಿ, ಟಿಪ್ಪುವಿನ ಸೋದರಳಿಯನ ಕೈಯಲ್ಲಿ ಸಾಗಿತೆಂಬುದು ಸಣ್ಣ ಕಾಕತಾಳೀಯವೇನಲ್ಲ.

ನಾಟಿಲಸ್ ಇವತ್ತಿಗೂ ನಂಬುವಂತಿರುವುದು ವರ್ನ್ ಅಳತೆ ಕೊಟ್ಟಿದ್ದರಿಂದ. ಉದ್ದ 70 ಮೀಟರ್, ಅಗಲ 8 ಮೀಟರ್, ಮುಳುಗಿದಾಗ ಸರಿಸುವ ನೀರು 1,500 ಟನ್. 2017ರ ಡಿಸೆಂಬರ್‌ನಲ್ಲಿ ನಮ್ಮ ನೌಕಾಪಡೆ ಸೇರಿದ ಐಎನ್‌ಎಸ್ ಕಲ್ವರಿಯ ಉದ್ದ 67.5 ಮೀಟರ್, ಮುಳುಗಿದಾಗಿನ ತೂಕ 1,775 ಟನ್ನಿನ ಆಸುಪಾಸು. ಸುಮಾರು ಒಂದೂವರೆ ಶತಮಾನದ ಹಿಂದೆ ಕಾಗದದ ಮೇಲೆ ಹುಟ್ಟಿದ ನೌಕೆಯೂ ಮುಂಬೈಯ ಮಝಗಾಂವ್ ಡಾಕ್‌ನಲ್ಲಿ ಕಟ್ಟಿದ ನೌಕೆಯೂ ಅಕ್ಕಪಕ್ಕ ನಿಂತರೆ ಎತ್ತರದಲ್ಲಿ ಅಣ್ಣ ತಮ್ಮಂದಿರು. ನಾಟಿಲಸ್‌ನ ಶಕ್ತಿಮೂಲ ಇನ್ನೂ ಸೊಗಸು. ಕಡಲ ನೀರಿನ ಉಪ್ಪಿನಿಂದ ಸೋಡಿಯಂ ತೆಗೆಯಬೇಕು, ಅದಕ್ಕೆ ಬೇಕಾದ ಕಾವನ್ನು ಸಮುದ್ರದಡಿಯ ಕಲ್ಲಿದ್ದಲಿನಿಂದ ಪಡೆಯಬೇಕು, ಸೋಡಿಯಂ ಬ್ಯಾಟರಿಯಿಂದ ವಿದ್ಯುತ್ ಹರಿಸಬೇಕು. ಕಲ್ಲಿದ್ದಲು ಒಂದು ಕಡೆ, ಬ್ಯಾಟರಿ ಇನ್ನೊಂದು ಕಡೆ. ಹೈಬ್ರಿಡ್ ಎಂಬ ಮಾತು ಕಾರಿನ ಜಾಹೀರಾತಿಗೆ ಬರುವ ಮೊದಲೇ ನೆಮೊ ಅದನ್ನು ಓಡಿಸುತ್ತಿದ್ದ.

ಆದರೆ ವರ್ನ್ ಒಂದನ್ನು ಬಿಟ್ಟ. ಅವನ ಕಡಲಿನಲ್ಲಿ ಶಾರ್ಕ್ ಇದೆ, ಹವಳವಿದೆ, ಮುಳುಗಿದ ಹಡಗುಗಳಿವೆ. ತನ್ನ ಪಾಡಿಗೆ ಬಲೆ ಎಳೆಯುತ್ತ ದಿನ ದೂಡುವ ಮೀನುಗಾರ ಎದುರಾಗುವುದು ಅಪರೂಪ. ಸಿಂಹಳದ ಬಡ ಮುತ್ತುಗಾರನೊಬ್ಬ ಸಿಗುತ್ತಾನೆ. ನೆಮೊ ಅವನನ್ನು ಶಾರ್ಕ್‌ನಿಂದ ಉಳಿಸಿ ಮುತ್ತಿನ ಚೀಲ ಕೈಗಿತ್ತು ಕಳಿಸುತ್ತಾನೆ. ದಾನ ಪಡೆಯುವವನಾಗಿ ಬಡವ ಬರುತ್ತಾನೆ, ಕಡಲಿನ ಪಾಲುದಾರನಾಗಿ ಬರುವುದಿಲ್ಲ. ಆಮೇಲಿನ ಕಾಲ್ಪನಿಕ ಸಬ್‌ಮರೀನ್‌ಗಳ ಕತೆಯೂ ಹೆಚ್ಚುಕಡಿಮೆ ಇದೇ. ಇವತ್ತು ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಕಂಪ್ಯೂಟರಿನಲ್ಲಿ ಬಿಡಿಸುವ ನೌಕೆಗಳನ್ನು ನೋಡಿ: ಡೀಸೆಲ್ ಇದೆ, ಇಂಧನಕೋಶ ಇದೆ, ಪುಟ್ಟ ಅಣುರಿಯಾಕ್ಟರ್ ಇದೆ, ಹೊಟ್ಟೆಯಲ್ಲಿ ಡ್ರೋನ್‌ಗಳಿವೆ, ಬೆನ್ನಿನಲ್ಲಿ ಕ್ಷಿಪಣಿಗಳಿವೆ. ಸುತ್ತ ಬರೀ ನೀಲಿ ಬಣ್ಣ. ಆ ನೀಲಿಯಲ್ಲಿ ಒಂದೂ ಬೋಟು ಇಲ್ಲ.

ನನ್ನ ವಾದ ಇಷ್ಟೇ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಎದುರಿನ ಕಡಲಿಗೆಂದು ಒಂದು ಸಬ್‌ಮರೀನ್ ಕಲ್ಪಿಸುವುದಾದರೆ ನಕ್ಷೆಯ ಮೊದಲ ಗೆರೆ ಟ್ರಾಲ್ ಬಲೆಯದ್ದಾಗಬೇಕು. ಎಂಜಿನ್ ಆಮೇಲೆ, ಆಯುಧ ಕೊನೆಗೆ. ಇದು ಬಡವರ ಮೇಲಿನ ಕನಿಕರದ ಮಾತಲ್ಲ. ಬಲೆಯನ್ನು ಮರೆತ ವಿನ್ಯಾಸ ಎಂಜಿನಿಯರಿಂಗ್ ಆಗಿಯೂ ಕಳಪೆ.

ಆಳದಿಂದ ಶುರುಮಾಡೋಣ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಮಂದಿಯನ್ನು ಹೊತ್ತು ಹೋದ ‘ಸುವರ್ಣ ತ್ರಿಭುಜ’ ಬೋಟು ಕಾಣೆಯಾದದ್ದು ಕರಾವಳಿಯಲ್ಲಿ ಯಾರೂ ಮರೆತಿಲ್ಲ. ನಾಲ್ಕೂವರೆ ತಿಂಗಳ ಹುಡುಕಾಟದ ನಂತರ, 2019ರ ಮೇ ಮೊದಲ ವಾರದಲ್ಲಿ, ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಅದರ ಅವಶೇಷವನ್ನು ಪತ್ತೆಹಚ್ಚಿತು. ಸ್ಥಳ ಮಹಾರಾಷ್ಟ್ರದ ಮಾಲ್ವಣ ತೀರದಿಂದ 33 ಕಿಲೋಮೀಟರ್ ಆಚೆ, ಆಳ ಸುಮಾರು 60 ಮೀಟರ್. ದುಃಖವನ್ನು ಕ್ಷಣಕಾಲ ಬದಿಗಿಟ್ಟು ಆ ಅಂಕಿಯನ್ನಷ್ಟೇ ನೋಡಿ. 33 ಕಿಲೋಮೀಟರ್ ಕಡಲಿಗೆ ಇಳಿದರೂ ಆಳ 60 ಮೀಟರ್. ಕಲ್ವರಿಯನ್ನು ಅಲ್ಲಿ ಲಂಬವಾಗಿ ನಿಲ್ಲಿಸಿದರೆ ಬಾಲ ಕೆಸರಿಗೆ ತಾಗಿ, ಮೂತಿ ಏಳು ಮೀಟರ್ ನೀರಿನಿಂದ ಹೊರಗೆ ಚಾಚಿರುತ್ತದೆ. ನಮ್ಮ ಪಡುಗಡಲಿನ ತಳ ತೀರದಿಂದ ಬಲು ಮೆಲ್ಲಗೆ ಇಳಿಯುತ್ತದೆ; ಚಿತ್ರಗಳಲ್ಲಿ ಕಾಣುವ ಕಡುನೀಲಿ ಪಾತಾಳ ಶುರುವಾಗುವುದು ಇನ್ನೂ ಬಹಳ ಆಚೆ.

ಆ 60 ಮೀಟರಿನಲ್ಲಿ ಯಾರ್ಯಾರಿಗೆ ಜಾಗ ಬೇಕು? ಮೇಲೆ, ನವಮಂಗಳೂರು ಬಂದರಿಗೆ ಬರುವ ದೊಡ್ಡ ಹಡಗಿನ ತಳ ಹನ್ನೆರಡು ಹದಿನಾಲ್ಕು ಮೀಟರ್ ನೀರಿನೊಳಗಿರುತ್ತದೆ. ಪೆರಿಸ್ಕೋಪ್ ಮಾತ್ರ ಹೊರಗಿಟ್ಟು ಸಾಗುವ ಸಬ್‌ಮರೀನ್‌ನ ತಳ ಹದಿನೈದು ಮೀಟರಿಗಿಂತ ಕೆಳಗೆ. ಹಡಗು ಬಂದರೆ ತಪ್ಪಿಸಿಕೊಳ್ಳಲು ಅದು ಇನ್ನೂ ಕೆಳಗಿಳಿಯಬೇಕು. ಕೆಳಗೆ ಟ್ರಾಲ್ ಬಲೆ ಇದೆ. ಬಲೆಯ ಬಾಯಿ ಅಗಲಿಸುವ ಎರಡು ಭಾರದ ಹಲಗೆಗಳು ತಳವನ್ನು ಕೆರೆಯುತ್ತ ಸಾಗುತ್ತವೆ. ಅಲ್ಲಿಂದ ಬೋಟಿನ ವಿಂಚ್‌ವರೆಗೆ ಎರಡು ಉಕ್ಕಿನ ಹಗ್ಗಗಳು ಓರೆಯಾಗಿ ಏರುತ್ತವೆ, ಆಳದ ಮೂರು ನಾಲ್ಕು ಪಟ್ಟು ಉದ್ದಕ್ಕೆ. ಅಂದರೆ ಬೋಟಿನ ಹಿಂದೆ ಇನ್ನೂರು ಮೀಟರ್ ದೂರದವರೆಗೆ, ಮೇಲ್ಮೈಯಿಂದ ತಳದವರೆಗೆ ಪ್ರತಿ ಮಟ್ಟದಲ್ಲೂ ಉಕ್ಕು ಇದೆ. ಎಷ್ಟು ಆಳಕ್ಕೆ ಇಳಿದರೆ ಸುರಕ್ಷಿತ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವೇ ಇಲ್ಲ.

ಮಳೆಗಾಲ ಇನ್ನೊಂದು ಲೆಕ್ಕ ತರುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇದಕ ಐದೂ ಕೂಡಿ ಗಂಗೊಳ್ಳಿಯಲ್ಲಿ ಕಡಲು ಸೇರುತ್ತವೆ. ದಕ್ಷಿಣಕ್ಕೆ ಕೋಡಿ ಬೆಂಗ್ರೆಯಲ್ಲಿ ಸೀತಾ, ಸ್ವರ್ಣಾ. ಜುಲೈಯಲ್ಲಿ ಘಟ್ಟದ ಕೆಂಪುನೀರು ಅಳಿವೆಯಾಚೆಗೂ ಕಡಲಿನ ಮೇಲೆ ಹಾಸಿಕೊಂಡಿರುವುದನ್ನು ಮರವಂತೆಯ ಹೆದ್ದಾರಿಯಿಂದಲೇ ನೋಡಬಹುದು. ಕಡಲ ನೀರು ಲೀಟರಿಗೆ ಸುಮಾರು 1,025 ಗ್ರಾಂ ತೂಗುತ್ತದೆ. ಸಿಹಿನೀರು ಬೆರೆತು ಅದು 1,010 ಗ್ರಾಂಗೆ ಇಳಿದ ಜಾಗಕ್ಕೆ 1,775 ಟನ್ನಿನ ಸಬ್‌ಮರೀನ್ ನುಗ್ಗಿತೆನ್ನಿ. ಒಮ್ಮೆಗೇ ಅದಕ್ಕೆ 26 ಟನ್ ತೇಲುವ ಬಲ ಕಡಿಮೆಯಾಗುತ್ತದೆ. ಯಾರೂ ಏನೂ ಹೇರಲಿಲ್ಲ, ಆದರೂ ನೌಕೆ 26 ಟನ್ ಭಾರವಾಗಿ ಮುಳುಗತೊಡಗುತ್ತದೆ. ಪಂಪುಗಳು ಅಷ್ಟು ನೀರನ್ನು ಹೊರಹಾಕಬೇಕು, ಪಂಪಿಗೆ ಸದ್ದಿದೆ, ಸದ್ದು ಮಾಡಿದರೆ ಸಬ್‌ಮರೀನ್ ಸಬ್‌ಮರೀನ್ ಆಗಿ ಉಳಿಯುವುದಿಲ್ಲ. ಆಳವಿದ್ದರೆ ಈ ತಪ್ಪನ್ನು ಸಾವಧಾನವಾಗಿ ತಿದ್ದಬಹುದು. 40 ಮೀಟರಿನಲ್ಲಿ ತಳ ಸಿಕ್ಕಿಬಿಡುತ್ತದೆ.

ಈ ತೀರ ಹಡಗಿನ ಆಕಾರವನ್ನು ತಾನೇ ತೀರ್ಮಾನಿಸುತ್ತ ಬಂದಿದೆ. 1665ರಲ್ಲಿ ಶಿವಾಜಿ ಬಸ್ರೂರಿನ ಮೇಲೆ ಕಡಲಿನಿಂದ ದಾಳಿ ಮಾಡಿದಾಗ ತಂದ ದಂಡಿನಲ್ಲಿ ಬಹುಪಾಲು ಸಣ್ಣ ನೌಕೆಗಳೇ. ಬಸ್ರೂರು ಇರುವುದು ಹೊಳೆಯ ಒಳಗೆ. ಅಲ್ಲಿಗೆ ಆಳ ತಳದ ಹಡಗಿನಿಂದ ಪ್ರಯೋಜನವಿರಲಿಲ್ಲ.

ಇನ್ನು ಹೈಬ್ರಿಡ್ ಎಂಜಿನ್. ಹೈಬ್ರಿಡ್ ಸಬ್‌ಮರೀನ್ ಎಂದರೆ ಏನೋ ನಾಳಿನ ಸಂಗತಿ ಎಂಬಂತೆ ಮಾತಾಡುತ್ತೇವೆ. ಅಣುಶಕ್ತಿಯವನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಯುದ್ಧ ಸಬ್‌ಮರೀನ್‌ಗಳೂ ಹೈಬ್ರಿಡ್ಡೇ. ಅಮೆರಿಕದ ನೌಕಾಪಡೆ 1900ರ ಏಪ್ರಿಲ್‌ನಲ್ಲಿ ಕೊಂಡ ಜಾನ್ ಹಾಲೆಂಡ್‌ನ ನೌಕೆ ಮೇಲೆ ಸಾಗುವಾಗ ಗ್ಯಾಸೊಲಿನ್ ಎಂಜಿನ್, ಕೆಳಗೆ ವಿದ್ಯುತ್ ಮೋಟಾರ್ ಓಡಿಸುತ್ತಿತ್ತು. 1971ರ ಡಿಸೆಂಬರ್ 9ರಂದು ಇದೇ ಅರಬ್ಬೀ ಸಮುದ್ರದಲ್ಲಿ, ದಿಯು ಆಚೆ, ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿದ ಪಾಕಿಸ್ತಾನದ ಹಂಗೋರ್ ಕೂಡ ಡೀಸೆಲ್ ಮತ್ತು ಬ್ಯಾಟರಿಯದ್ದೇ. ಕಲ್ಪನೆಗೆ ಇಲ್ಲಿ ಉಳಿದಿರುವ ಕೆಲಸ ಹೊಸ ಜೋಡಿ ಹುಡುಕುವುದು. ಜಪಾನ್ 2020ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯ ‘ಓರ್ಯೂ’ವನ್ನು ಕೆಲಸಕ್ಕೆ ಹಚ್ಚಿತು. ನಮ್ಮ ಡಿಆರ್‌ಡಿಒದ ಅಂಬರನಾಥ ಪ್ರಯೋಗಾಲಯ ಗಾಳಿ ಬೇಡದ ಇಂಧನಕೋಶವನ್ನು 2021ರ ಮಾರ್ಚ್‌ನಲ್ಲಿ ನೆಲದ ಮೇಲೆ ಓಡಿಸಿ ತೋರಿಸಿತು. ಅದಕ್ಕೆ ಬೇಕಾದ ಜಲಜನಕ ಸೋಡಿಯಂ ಬೋರೋಹೈಡ್ರೈಡ್ ಎಂಬ ಸಂಯುಕ್ತದಿಂದ ನೌಕೆಯಲ್ಲೇ ಹುಟ್ಟುತ್ತದೆ. ನೆಮೊನ ಸೋಡಿಯಂ ಬೇರೆ ಬಾಗಿಲಿನಿಂದ ಒಳಬಂತು ಎನ್ನಬೇಕು.

ನಮ್ಮ ಕಲ್ಪನೆಯ ನೌಕೆಗೆ ನಾನು ಆರಿಸುವುದು ಈ ಎರಡನ್ನೇ: ನಿಧಾನದ ಓಡಾಟಕ್ಕೆ ಇಂಧನಕೋಶ, ಓಡಿ ತಪ್ಪಿಸಿಕೊಳ್ಳುವ ಗಳಿಗೆಗೆ ಲಿಥಿಯಂ ಬ್ಯಾಟರಿ. ಕಾರಣ ಸರಳ ಲೆಕ್ಕ. ನೀರಿನಲ್ಲಿ ವೇಗ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಎಂಟು ಪಟ್ಟು. ನಾಲ್ಕು ನಾಟ್‌ನಲ್ಲಿ ದಿನಗಟ್ಟಲೆ ತಾಳುವ ಬ್ಯಾಟರಿ ಇಪ್ಪತ್ತು ನಾಟ್‌ನಲ್ಲಿ ಗಂಟೆಯೊಳಗೆ ಬರಿದು. ಎರಡು ಕೆಲಸಕ್ಕೆ ಎರಡು ಮೂಲ ಇಡುವುದರಲ್ಲಿ ಅರ್ಥವಿದೆ. ಆದರೆ ಕೈಪಿಡಿ ನೋಡಿ ಯುರೋಪಿನ ಅಂಕಿಗಳನ್ನು ಇಲ್ಲಿಗೆ ಎತ್ತಿಡುವಂತಿಲ್ಲ. ಸಿಂಗಪುರ 1990ರ ದಶಕದಲ್ಲಿ ಸ್ವೀಡನ್ನಿನ ಹಳೆಯ ಸಬ್‌ಮರೀನ್‌ಗಳನ್ನು ಕೊಂಡಾಗ ಅವಕ್ಕೆ ಹವಾನಿಯಂತ್ರಣ ಜೋಡಿಸಬೇಕಾಯಿತು, ತುಕ್ಕು ತಡೆಯುವ ಪೈಪ್ ಹಾಕಬೇಕಾಯಿತು, ಮೈಗೆ ಅಂಟುವ ಕಡಲಜೀವಿಗಳಿಗೆ ಉಪಾಯ ಹುಡುಕಬೇಕಾಯಿತು. ಬಾಲ್ಟಿಕ್ ಸಮುದ್ರದ ತಣ್ಣೀರಿಗೆ ಹುಟ್ಟಿದ ನೌಕೆ ಸೆಕೆಯ ಕಡಲಿಗೆ ಬಂದರೆ ಹೀಗೇ ಆಗುವುದು. ಏಪ್ರಿಲ್, ಮೇಯಲ್ಲಿ ನಮ್ಮ ಕಡಲ ಮೇಲ್ಮೈ 30 ಡಿಗ್ರಿ ಮುಟ್ಟುತ್ತದೆ. ಆಳವಿಲ್ಲದ ಕಡೆ ಕೆಳಗೆ ತಂಪು ಹುಡುಕಿ ಇಳಿಯುವುದಕ್ಕೂ ಆಗದು. ಜನರನ್ನೂ ಬ್ಯಾಟರಿಯನ್ನೂ ತಂಪಾಗಿಡುವುದಕ್ಕೇ ಶಕ್ತಿಯ ಗಣನೀಯ ಪಾಲು ಹೋಗುತ್ತದೆ. ಲಿಥಿಯಂ ಬ್ಯಾಟರಿ ಕಾದರೆ ಏನಾಗುತ್ತದೆಂದು ಮೊಬೈಲ್ ಇರುವ ಎಲ್ಲರಿಗೂ ಗೊತ್ತು.

ಪುಟ್ಟ ಅಣುರಿಯಾಕ್ಟರನ್ನೂ ಸೇರಿಸೋಣ ಎನ್ನುವವರಿದ್ದಾರೆ. ಸೋವಿಯತ್ ಒಕ್ಕೂಟ 1980ರ ದಶಕದಲ್ಲಿ ಅದನ್ನೂ ಮಾಡಿ ನೋಡಿತು: ಬಿ-68 ಎಂಬ ಡೀಸೆಲ್ ಸಬ್‌ಮರೀನ್‌ಗೆ ಸಣ್ಣ ರಿಯಾಕ್ಟರ್ ಜೋಡಿಸಿತು. ಒಂದೇ ನೌಕೆಗೆ ನಿಂತುಹೋಯಿತು. ಅಣುಶಕ್ತಿಯ ಸಬ್‌ಮರೀನ್ ಎಂದರೆ ಕರ್ನಾಟಕಕ್ಕೆ ಪರಕೀಯವಲ್ಲ; ಅದರ ಇಂಧನದ ಕತೆಯಲ್ಲಿ ಮೈಸೂರು ಬಳಿಯ ರತ್ನಹಳ್ಳಿಯ ಹೆಸರಿದೆ. ಆದರೂ ಬಲೆಗಳ ನಡುವೆ, 60 ಮೀಟರ್ ನೀರಿನಲ್ಲಿ, ಐದು ಹೊಳೆಗಳ ಬಾಯಿಯೆದುರು ರಿಯಾಕ್ಟರ್ ಹೊತ್ತು ಸುಳಿಯುವುದು ಕಾಗದದ ಮೇಲೂ ಬೇಡ.

ಎರಡು ಕೆಲಸದ ನೌಕೆಗಳ ಚರಿತ್ರೆಯೂ ಎಚ್ಚರಿಸುವಂಥದ್ದೇ. ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಕೆ ವರ್ಗದ ಸಬ್‌ಮರೀನ್‌ಗಳು ಮೇಲೆ ಉಗಿಯಿಂದ ಓಡುತ್ತಿದ್ದವು, ಹೊಗೆಕೊಳವೆ ಸಮೇತ. ಮುಳುಗುವ ಮುನ್ನ ಕೊಳವೆ ಮಡಚಿ ಹತ್ತಾರು ಬಾಗಿಲು ಮುಚ್ಚಬೇಕು. 1918ರ ಜನವರಿ 31ರ ರಾತ್ರಿ ಅವು ಸ್ಕಾಟ್ಲೆಂಡಿನ ಕಡಲಿನಲ್ಲಿ ತಮ್ಮತಮ್ಮಲ್ಲೇ ಡಿಕ್ಕಿಯಾಗಿ ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಅಲ್ಲಿ ಶತ್ರುವೇ ಇರಲಿಲ್ಲ. ವಿಮಾನ ಹೊತ್ತ ಎಂ-2 ಸಬ್‌ಮರೀನ್ 1932ರಲ್ಲಿ ಮುಳುಗಿತು. ವಿಮಾನವಿಡುವ ಕೋಣೆಯ ಬಾಗಿಲು ತೆರೆದೇ ಇತ್ತು. ಡ್ರೋನ್ ಗೂಡು ಬಿಡಿಸುವವರು ಆ ಬಾಗಿಲನ್ನು ನೆನಪಿಡಲಿ.

ಬಲೆಗೆ ಮರಳುತ್ತೇನೆ. 1990ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಕ್ಲೈಡ್ ಕೊಲ್ಲಿಯಲ್ಲಿ ಬ್ರಿಟಿಷ್ ಅಣು ಸಬ್‌ಮರೀನ್ ಟ್ರೆಂಚೆಂಟ್, ‘ಅಂಟಾರಿಸ್’ ಎಂಬ ಮೀನುಗಾರಿಕಾ ಬೋಟಿನ ಬಲೆಗೆ ಸಿಕ್ಕಿತು. ಸಿಕ್ಕಿದ್ದು ಸಬ್‌ಮರೀನ್, ಮುಳುಗಿದ್ದು ಬೋಟು. ನಾಲ್ವರೂ ಸತ್ತರು. ಸಾವಿರಾರು ಟನ್ನಿನ ಉಕ್ಕು ಹಗ್ಗ ಎಳೆದುಕೊಂಡು ಹೋದರೆ ಬೋಟಿನ ಹಿಂಭಾಗ ನೀರಿಗೆ ಜಗ್ಗುತ್ತದೆ. ವಿಂಚ್‌ನ ಬ್ರೇಕ್ ಬಿಡಲು ಓಡುವಷ್ಟು ಹೊತ್ತೂ ಸಿಗುವುದಿಲ್ಲ. 2024ರ ನವೆಂಬರ್‌ನಲ್ಲಿ ನಾರ್ವೆಯ ಪುಟ್ಟ ಬೋಟೊಂದರ ಬಲೆಗೆ ಅಮೆರಿಕದ ವರ್ಜೀನಿಯಾ ಸಿಕ್ಕಿ ಬಲೆಯನ್ನೇ ಹೊತ್ತೊಯ್ದಿತು. ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ. ಅದೇ ತಿಂಗಳ 21ರಂದು, ಗೋವಾದಿಂದ ಸುಮಾರು 70 ನಾಟಿಕಲ್ ಮೈಲಿ ದೂರದಲ್ಲಿ, ‘ಮಾರ್ಥೋಮಾ’ ಎಂಬ ಮೀನುಗಾರಿಕಾ ಬೋಟಿಗೂ ನಮ್ಮ ಐಎನ್‌ಎಸ್ ಕರಂಜ್ ಸಬ್‌ಮರೀನ್‌ಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 13 ಜನರಲ್ಲಿ 11 ಮಂದಿಯನ್ನು ನೌಕಾಪಡೆ ಉಳಿಸಿತು. ಇಬ್ಬರ ಶವ ಸಿಕ್ಕಿತು. ಯಾರ ತಪ್ಪೆಂದು ತೀರ್ಪು ಕೊಡುವ ಕೆಲಸ ನನ್ನದಲ್ಲ. ಕಲ್ವರಿ ವರ್ಗದ, ಲೋಕದ ಒಳ್ಳೆಯ ಸೋನಾರ್‌ಗಳಲ್ಲೊಂದನ್ನು ಹೊತ್ತ ನೌಕೆಯೂ ಬೋಟೊಂದರ ಕೆಳಗೆ ಬರಬಹುದೆಂಬುದು ಮಾತ್ರ ಇಲ್ಲಿ ಮುಖ್ಯ.

ಇದಕ್ಕೆ ಬರುವ ಮೊದಲ ಆಕ್ಷೇಪ ಗೊತ್ತು: ನಿಜವಾದ ಸಬ್‌ಮರೀನ್‌ಗಳು ಗಂಗೊಳ್ಳಿಯೆದುರು ಯುದ್ಧ ಮಾಡುವುದಿಲ್ಲ, ಕಾರವಾರದ ಕದಂಬ ನೆಲೆಯಿಂದ ಹೊರಟು ಆಳಸಮುದ್ರ ಸೇರುತ್ತವೆ. ಒಪ್ಪುತ್ತೇನೆ. ಹಿಂದೆ ಈ ಮಾತು ಸಾಕಾಗುತ್ತಿತ್ತು. ಕೈರಂಪಣಿ, ನಾಡದೋಣಿಗಳ ಕಾಲದಲ್ಲಿ ಮೀನುಗಾರನ ಕಡಲು ಕಣ್ಣಳತೆಯ ಕಡಲಾಗಿತ್ತು. ಈಗ ಗಂಗೊಳ್ಳಿ, ಮಲ್ಪೆಯ ಬೋಟುಗಳು ಮಂಜುಗಡ್ಡೆ, ಡೀಸೆಲ್ ತುಂಬಿಸಿಕೊಂಡು ಹತ್ತು ದಿನಕ್ಕೆಂದು ಹೊರಟರೆ ಗೋವಾ ದಾಟಿ ಮಹಾರಾಷ್ಟ್ರದೆದುರು ಬಲೆ ಎಳೆಯುತ್ತವೆ. ತೀರದ ಬಳಿ ಮೀನು ಕಡಿಮೆಯಾದಷ್ಟೂ ಬೋಟು ದೂರ ಹೋಗುತ್ತದೆ. ಮಾರ್ಥೋಮಾ ಇದ್ದದ್ದು 130 ಕಿಲೋಮೀಟರ್ ಆಚೆ. ನೌಕಾಪಡೆಯ ಕಡಲು, ಮೀನುಗಾರನ ಕಡಲು ಎಂದು ಎರಡು ಉಳಿದಿಲ್ಲ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಗುಟ್ಟೇ ಸಬ್‌ಮರೀನ್‌ನ ಜೀವ, ಅದು ಎಲ್ಲಿದೆ ಎಂದು ಬೋಟು ನಡೆಸುವ ತಾಂಡೇಲನಿಗೆ ಹೇಳಿದರೆ ಶತ್ರುವಿಗೂ ಹೇಳಿದ ಹಾಗೆ. ಯುದ್ಧಕಾಲಕ್ಕೆ ಈ ಮಾತು ಸರಿ. ಆದರೆ ಸಬ್‌ಮರೀನ್‌ನ ಆಯುಷ್ಯದ ಬಹುಪಾಲು ಕಳೆಯುವುದು ಅಭ್ಯಾಸದಲ್ಲಿ. ಅಂಟಾರಿಸ್ ದುರಂತದ ನಂತರ ಬ್ರಿಟನ್, ಸಬ್‌ಮರೀನ್ ಅಭ್ಯಾಸ ನಡೆಯುವ ಪ್ರದೇಶಗಳನ್ನು ಮೀನುಗಾರರಿಗೆ ರೇಡಿಯೊದಲ್ಲಿ ತಿಳಿಸುವ ಪದ್ಧತಿ ತಂದಿತು. ಅದರಿಂದ ಆ ದೇಶದ ಗುಟ್ಟು ಬಯಲಾಗಿ ಹಾಳಾಯಿತೆಂದು ಯಾರೂ ಹೇಳಿಲ್ಲ.

ತಂತ್ರಜ್ಞಾನ ಇದನ್ನು ತಾನೇ ಬಗೆಹರಿಸುತ್ತದೆ ಎನ್ನುವವರಿಗೂ ಒಂದು ಮಾತು. ಬೋಟುಗಳಿಗೆ ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್ ಅಳವಡಿಸುವ, ಒಂದು ಲಕ್ಷ ಬೋಟುಗಳ ಯೋಜನೆ 2024ರ ಆಗಸ್ಟ್‌ನಲ್ಲಿ ಶುರುವಾಯಿತು. ಒಳ್ಳೆಯದು, ಆದರೆ ಅದರ ಸಂಕೇತ ರೇಡಿಯೊದ್ದು, ನೀರಿನೊಳಗೆ ಹೋಗದು. ಮುಳುಗಿದ ಸಬ್‌ಮರೀನ್ ಅದನ್ನು ಕೇಳಬೇಕಾದರೆ ಮೇಲ್ಮೈಗೆ ಒಂದು ಆಂಟೆನಾ ತೇಲಿಬಿಡಬೇಕು. ತೇಲುವ ಆಂಟೆನಾಕ್ಕೆ ತಂತಿ ಬೇಕು. ತಂತಿ ಸಿಕ್ಕಿಕೊಳ್ಳುವುದು ಮತ್ತೆ ಬಲೆಗೇ.

ಒಂದು ಆಮಿಷದ ಬಗ್ಗೆಯೂ ಹೇಳಬೇಕು. ಚತುರ ವಿನ್ಯಾಸಕನಿಗೆ ಬೇಗ ಹೊಳೆಯುವ ಉಪಾಯವಿದು: ಮಳೆಗಾಲದ ನಿಷೇಧ ಮುಗಿದು ಆಗಸ್ಟ್ ತಿಂಗಳಲ್ಲಿ ನೂರಾರು ಬೋಟುಗಳ ಎಂಜಿನ್ ಒಟ್ಟಿಗೆ ಗುಡುಗುವಾಗ ಸೋನಾರ್ ಕಿವುಡಾಗುತ್ತದೆ, ಆ ಸದ್ದಿನ ಕೆಳಗೇ ನಮ್ಮ ನೌಕೆ ಅಡಗಲಿ. ಲೆಕ್ಕದಲ್ಲಿ ಇದು ಸರಿ. ನಾನು ಇದನ್ನು ಸಾರಾಸಗಟಾಗಿ ತಿರಸ್ಕರಿಸುತ್ತೇನೆ. ಹಾಗೆ ಅಡಗಿದ ಗಳಿಗೆಯಲ್ಲಿ ಪ್ರತಿ ಬೋಟೂ ಶತ್ರುವಿಗೆ ಅನುಮಾನದ ಗುರಿಯಾಗುತ್ತದೆ. ಮೀನುಗಾರರನ್ನು ಯುದ್ಧದಿಂದ ಹೊರಗಿಡುವ ನಿಯಮ ಹಳೆಯದು. ಅಮೆರಿಕದ ಸುಪ್ರೀಂ ಕೋರ್ಟ್ 1900ರ ಜನವರಿಯಲ್ಲಿ, ‘ಪಾಕೆಟೆ ಹಬಾನಾ’ ಪ್ರಕರಣದಲ್ಲಿ, ಕ್ಯೂಬಾದ ಎರಡು ಮೀನುದೋಣಿಗಳನ್ನು ಯುದ್ಧದ ಕೊಳ್ಳೆಯಾಗಿ ಹಿಡಿದದ್ದು ತಪ್ಪೆಂದಿತು. ಅಮೆರಿಕದ ನೌಕಾಪಡೆ ಹಾಲೆಂಡ್‌ನ ಸಬ್‌ಮರೀನ್ ಕೊಂಡದ್ದು ಮೂರು ತಿಂಗಳ ನಂತರ. 1907ರ ಹೇಗ್ ಒಪ್ಪಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತೀರದ ಮೀನುದೋಣಿಗಳ ನಿರಪಾಯ ರೂಪವನ್ನು ಬಳಸಿಕೊಂಡು ಅವನ್ನು ಸೇನೆಯ ಕೆಲಸಕ್ಕೆ ಹಚ್ಚಬಾರದೆಂದು ದೇಶಗಳನ್ನು ಕಟ್ಟಿಹಾಕಿತು. ಬೋಟಿನ ಕೆಳಗೆ ಅಡಗುವುದು ಆ ಅಕ್ಷರವನ್ನು ಮುರಿಯದೆ ಇರಬಹುದು, ಅದರ ಉದ್ದೇಶವನ್ನಂತೂ ಮುರಿಯುತ್ತದೆ.

ಹಾಗಾದರೆ ನೌಕೆ ಹೇಗಿರಬೇಕು? ಚಿಕ್ಕದಾಗಿರಬೇಕು. ಜರ್ಮನಿ, ಸರಾಸರಿ 55 ಮೀಟರ್ ಆಳದ ಬಾಲ್ಟಿಕ್‌ಗೆಂದು ಕಟ್ಟಿದ 206 ವರ್ಗದ ಸಬ್‌ಮರೀನ್‌ಗಳು 48 ಮೀಟರ್ ಉದ್ದ, 500 ಟನ್ ತೂಕ, ಇಪ್ಪತ್ತೆರಡು ಜನ. ನಮಗೂ ಅದಕ್ಕಿಂತ ಹಿರಿದು ಬೇಡ. ಚಿಕ್ಕ ಮೈಗೆ ಸಿಹಿನೀರಿನ ಹೊಡೆತವೂ ಚಿಕ್ಕದು: 26 ಟನ್ನಿನ ಜಾಗದಲ್ಲಿ ಏಳು ಟನ್. ಪ್ರೊಪೆಲ್ಲರ್ ಬರಿದಾಗಿರದೆ ಕವಚದೊಳಗಿರಬೇಕು. ಮುಂದಿನ ರೆಕ್ಕೆಗಳು ಒಳಗೆ ಮಡಚಿಕೊಳ್ಳುವಂತಿರಬೇಕು. ಹಗ್ಗ ಸಿಕ್ಕುವ ಮೂಲೆ, ಕೊಕ್ಕೆ, ಕಂಬಿ ಮೈಮೇಲೆ ಎಲ್ಲೂ ಇರಬಾರದು. ಮಹಾಯುದ್ಧಗಳ ಕಾಲದ ಸಬ್‌ಮರೀನ್‌ಗಳ ಮೂತಿಯಲ್ಲಿ ಬಲೆ ಕೊಯ್ಯುವ ಗರಗಸವಿರುತ್ತಿತ್ತು. ಅದು ಶತ್ರುವಿನ ಉಕ್ಕಿನ ಬಲೆಗಾಗಿ. ನಮ್ಮದರಲ್ಲಿ ಅದು ಬೋಟನ್ನು ಉಳಿಸಲು ಬೇಕು: ಹಗ್ಗ ಬಿಗಿದ ಕೂಡಲೇ ಮೈಯಲ್ಲಿರುವ ಒತ್ತಡದ ಸಂವೇದಕ ತಿಳಿದು, ಎಂಜಿನ್ ನಿಲ್ಲಿಸಿ, ಹಗ್ಗ ಕತ್ತರಿಸಿ, ಮೇಲೆ ಬಂದು ಬೋಟು ತೇಲುತ್ತಿದೆಯೇ ಎಂದು ನೋಡಬೇಕು. ಗುಟ್ಟು ಹೋದರೆ ಹೋಗಲಿ. ಬೋಟಿನ ಕಡೆಯಿಂದ ಒಂದು ಕೆಲಸವಿದೆ, ಅದು ಕಲ್ಪನೆಯದ್ದೂ ಅಲ್ಲ, ದುಬಾರಿಯೂ ಅಲ್ಲ. ಎಳೆತ ಮಿತಿ ಮೀರಿದರೆ ತಾನೇ ಬಿಟ್ಟುಕೊಡುವ ವಿಂಚ್ ಬ್ರೇಕ್. ಬಲೆ ಹೋಗುತ್ತದೆ, ಜನ ಉಳಿಯುತ್ತಾರೆ. ಹೋದ ಬಲೆಗೆ ಪರಿಹಾರ ಕೊಡುವ ಖಾತೆ ಸರ್ಕಾರದಲ್ಲಿ ಇರಬೇಕಾಗುತ್ತದೆ. ಇಲ್ಲದಿದ್ದರೆ ಲಕ್ಷಗಟ್ಟಲೆ ಬೆಲೆಯ ಬಲೆಯನ್ನು ಯಾವ ಬೋಟಿನವರೂ ಬಿಡುವುದಿಲ್ಲ.

ಇದನ್ನು ಎಲ್ಲಿ ಕಟ್ಟುವುದು? ಬ್ರಹ್ಮಾವರ ತಾಲೂಕಿನ ಹಂಗಾರಕಟ್ಟೆಯಲ್ಲೂ ಮಲ್ಪೆಯಲ್ಲೂ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ. ದಿವಾಳಿಯಾಗಿದ್ದ ಟೆಬ್ಮಾ ಯಾರ್ಡನ್ನು ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ಕೊಂಡು ಎಬ್ಬಿಸಿದ್ದು. ಈಗ ಟಗ್‌ಗಳನ್ನು ಕಟ್ಟುತ್ತದೆ, ನಾರ್ವೆಯ ವಿಲ್ಸನ್ ಕಂಪೆನಿಗೆ 3,800 ಟನ್ನಿನ ಸರಕುಹಡಗು ಕಟ್ಟುವ ಕೆಲಸ ಹಿಡಿದಿದೆ. ಹೆಮ್ಮೆ ಪಡಬೇಕಾದ್ದೇ. ಆದರೆ ಸಬ್‌ಮರೀನ್‌ನ ಒತ್ತಡದ ಕವಚ ಬೇರೆ ವಿದ್ಯೆ. 300 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 30 ಕಿಲೋ ಒತ್ತುವಾಗ ವೃತ್ತ ಕೂದಲೆಳೆ ಸೊಟ್ಟಗಿದ್ದರೂ, ಬೆಸುಗೆಯಲ್ಲಿ ಗುಳ್ಳೆಯಿದ್ದರೂ ಮುಗಿಯಿತು. ಮಝಗಾಂವ್ ಡಾಕ್ 1992 ಮತ್ತು 1994ರಲ್ಲಿ ಶಾಲ್ಕಿ, ಶಂಕುಲ್ ಎಂಬ ಎರಡು ಸಬ್‌ಮರೀನ್ ಕಟ್ಟಿಕೊಟ್ಟಿತು. ಆಮೇಲೆ ಆರ್ಡರ್ ಬರಲಿಲ್ಲ. 2005ರಲ್ಲಿ ಕಲ್ವರಿ ವರ್ಗದ ನೌಕೆಗಳಿಗಾಗಿ ಸ್ಕಾರ್ಪೀನ್ ಒಪ್ಪಂದವಾಗುವ ಹೊತ್ತಿಗೆ ಆ ಬೆಸುಗೆಗಾರರ ಕೈಚಳಕ ಚದುರಿಹೋಗಿತ್ತು. ಕಲಿತ ಕೈಗಳಿಗೆ ಕೆಲಸ ಕೊಡದಿದ್ದರೆ ಹಾಗೇ. ನಮ್ಮ ಕಾಲ್ಪನಿಕ ನೌಕೆಗೆ 100 ಮೀಟರ್ ಆಳ ತಾಳಿದರೆ ಸಾಕಾದ್ದರಿಂದ ಹಂಗಾರಕಟ್ಟೆಯನ್ನು ಕನಸಿನಲ್ಲಾದರೂ ಹೆಸರಿಸಬಹುದು. ಕಲ್ಪನೆಗೆ ಅಷ್ಟು ರಿಯಾಯಿತಿ ಇರಲಿ.

ಆಯುಧದ ಬಗ್ಗೆ ನಾನು ಏನೂ ಹೇಳಿಲ್ಲವೆಂದು ಕೆಲವರಿಗೆ ಬೇಸರವಾಗಬಹುದು. 500 ಟನ್ನಿನ ನೌಕೆಯಲ್ಲಿ ಕೆಲವು ಟಾರ್ಪಿಡೊಗಳಿಗಷ್ಟೇ ಜಾಗ. ಅದರ ಕೆಲಸ ಕಾರವಾರದ ಬಾಗಿಲು ಕಾಯುವುದು, ಬಂದವರನ್ನು ಗುರುತಿಸುವುದು. ದೂರದ ಯುದ್ಧಕ್ಕೆ ಹಿರಿಯ ನೌಕೆಗಳಿವೆ.

ಕೊನೆಗೆ ಎರಡು ವಿನಂತಿ. ಒಂದು ನೌಕಾಪಡೆಗೆ: ಪಶ್ಚಿಮ ತೀರದಲ್ಲಿ ಸಬ್‌ಮರೀನ್ ಅಭ್ಯಾಸ ನಡೆಯುವ ಪ್ರದೇಶ ಮತ್ತು ದಿನಗಳನ್ನು ಬ್ರಿಟನ್ನಿನ ಹಾಗೆ ಮುಂಚಿತವಾಗಿ, ಬೋಟಿನ ವೈರ್‌ಲೆಸ್‌ನಲ್ಲಿ, ಕನ್ನಡ, ತುಳು, ಕೊಂಕಣಿ, ಮರಾಠಿ, ಮಲಯಾಳದಲ್ಲಿ ಹೇಳಿ. ಇನ್ನೊಂದು ಸಬ್‌ಮರೀನ್ ಬಿಡಿಸುವ ನಮ್ಮ ಹುಡುಗ ಹುಡುಗಿಯರಿಗೆ: ಟ್ರಾಲ್ ಮತ್ತು ಪರ್ಸಿನ್ ಬೋಟುಗಳ 61 ದಿನಗಳ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಆಗಸ್ಟ್ ಮೊದಲ ವಾರ ಗಂಗೊಳ್ಳಿ, ಕೊಡೇರಿ, ಕೋಡಿ ಬೆಂಗ್ರೆಗಳಿಗೆ ಹೋಗಿ. ಯಾವ ಬೋಟು ಎಷ್ಟು ಮಾರು ನೀರಿನಲ್ಲಿ, ಎಷ್ಟು ಉದ್ದದ ಹಗ್ಗ ಬಿಟ್ಟು ಎಳೆಯುತ್ತದೆಂದು ತಾಂಡೇಲರನ್ನು ಕೇಳಿ ಬರೆದುಕೊಳ್ಳಿ. ಆ ಹಾಳೆಯನ್ನು ಮೇಜಿನ ಮೇಲೆ ಹರಡಿದ ಮೇಲೆ ಕಂಪ್ಯೂಟರ್ ತೆರೆಯಿರಿ.